ವಿಲೀನವೂ ತತ್ತ್ವನಿಷ್ಠೆಯೂ: 1955ರಲ್ಲಿ ಡಾ. ಲೋಹಿಯಾ ಪಕ್ಷ ತೊರೆದ ಪ್ರಸಂಗ

'ವಿಲೀನ'ವೆಂಬ ಶಬ್ದದ ಮೂಲದಲ್ಲಿ ಕರಗುವಿಕೆಯ ಅರ್ಥವಿದೆ. ಉಪ್ಪು ನೀರಿನಲ್ಲಿ ಕರಗಿದಾಗ ಅದರ ಆಕಾರ ಅಳಿದು, ರುಚಿ ಮಾತ್ರ ನೀರಿನ ಹನಿಹನಿಯಲ್ಲಿಯೂ ಉಳಿಯುತ್ತದೆ. ರಾಜಕೀಯ ಪಕ್ಷಗಳು ಒಂದುಗೂಡುವುದನ್ನು ಹೇಳಲು ನಾವು ಇದೇ ಶಬ್ದವನ್ನು ಬಳಸುತ್ತ ಬಂದಿದ್ದೇವೆ. ಆದರೆ ಪಕ್ಷಗಳು ಕೂಡಿದಾಗ ಹೆಸರು, ಧ್ವಜ, ಕಚೇರಿಗಳು ಬೇಗನೆ ಒಂದಾಗುತ್ತವೆ. ಅವುಗಳ ಹಿಂದಿನ ತತ್ತ್ವಗಳು ಒಂದಾದವೇ ಇಲ್ಲವೇ ಎಂಬುದು ವಿಲೀನದ ದಿನ ತಿಳಿಯುವುದಿಲ್ಲ. ಅಧಿಕಾರ ಕೈಗೆ ಬಂದು, ಆ ಅಧಿಕಾರದಿಂದ ಒಂದು ಅನಾಹುತ ಘಟಿಸಿ, ಅದಕ್ಕೆ ಹೊಣೆ ಯಾರದೆಂಬ ಪ್ರಶ್ನೆ ಎದ್ದಾಗಲೇ ಅದು ತಿಳಿಯುವುದು.

ಸ್ವತಂತ್ರ ಭಾರತದ ಪಕ್ಷಗಳ ಚರಿತ್ರೆಯಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನವೆಂದರೆ 1952ರಲ್ಲಿ ಉದಯವಾದ ಪ್ರಜಾ ಸಮಾಜವಾದಿ ಪಕ್ಷ ಮತ್ತು ಮೂರೇ ವರ್ಷಗಳಲ್ಲಿ ಅದರಿಂದ ಹೊರನಡೆದ ಡಾ. ರಾಮಮನೋಹರ ಲೋಹಿಯಾ. ಅವರ ಜೀವನ ಮತ್ತು ಚಿಂತನೆಗಳ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರವಣಿಗೆ ನಡೆದಿದೆ. ಪಕ್ಷತ್ಯಾಗದ ಈ ಪ್ರಸಂಗವಾದರೋ ಅವರ ಹಠಮಾರಿತನಕ್ಕೆ ಉದಾಹರಣೆಯೆಂದೋ ತ್ಯಾಗಕ್ಕೆ ಉದಾಹರಣೆಯೆಂದೋ ಒಂದು ವಾಕ್ಯದಲ್ಲಿ ಮುಗಿದುಹೋಗುವುದುಂಟು. ಅಲ್ಲಿದ್ದ ಮೂಲಪ್ರಶ್ನೆಯೇನು, ಎರಡೂ ಕಡೆಯ ವಾದಗಳೇನು ಎಂಬುದನ್ನು ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಕಾಂಗ್ರೆಸ್ಸಿನೊಳಗಿದ್ದುಕೊಂಡೇ ಸಮಾಜವಾದವನ್ನು ಪ್ರತಿಪಾದಿಸುವ ಉದ್ದೇಶದಿಂದ 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವು ಹುಟ್ಟಿತು. ಆಚಾರ್ಯ ನರೇಂದ್ರ ದೇವ, ಜಯಪ್ರಕಾಶ ನಾರಾಯಣ, ಅಚ್ಯುತ ಪಟವರ್ಧನ, ಅಶೋಕ ಮೆಹ್ತಾ ಮೊದಲಾದವರು ಅದರ ಆಧಾರಸ್ತಂಭಗಳು. 1910ರಲ್ಲಿ ಉತ್ತರ ಪ್ರದೇಶದ ಅಕ್ಬರಪುರದಲ್ಲಿ ಜನಿಸಿ, ಬರ್ಲಿನ್ನಿನಲ್ಲಿ ವ್ಯಾಸಂಗ ಮಾಡಿ ಡಾಕ್ಟರೇಟ್ ಪಡೆದು ಹಿಂದಿರುಗಿದ್ದ ಲೋಹಿಯಾ ಆ ಪಕ್ಷದ ವಾರಪತ್ರಿಕೆಯ ಸಂಪಾದಕರಾದರು. 1942ರ ಚಳವಳಿಯಲ್ಲಿ ಭೂಗತರಾಗಿ ದುಡಿದು, 1944ರಲ್ಲಿ ಬಂಧಿತರಾಗಿ, ಲಾಹೋರಿನ ಕೋಟೆಯಲ್ಲಿ ಕಠೋರವಾದ ಸೆರೆವಾಸವನ್ನು ಅನುಭವಿಸಿದರು. ಸ್ವಾತಂತ್ರ್ಯಾನಂತರ, 1948ರಲ್ಲಿ, ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಬೇರ್ಪಟ್ಟು ಸ್ವತಂತ್ರ ಪಕ್ಷವಾದರು.

ಕನ್ನಡ ನಾಡಿನೊಡನೆ ಲೋಹಿಯಾ ಅವರ ಸಂಬಂಧ ಗಾಢವಾದದ್ದು ಈ ಅವಧಿಯಲ್ಲಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ಒಕ್ಕಲುಗಳು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದ್ದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿನ ವಿವಾದದ ಒಂದು ಮುಖ್ಯ ವಿಷಯವಾಗಿತ್ತು. ಎಚ್. ಗಣಪತಿಯಪ್ಪ ಸಂಘಟಿಸಿದ್ದ ಆ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡ ಮೊದಲಾದ ಸಮಾಜವಾದಿಗಳು ಧುಮುಕಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಲೋಹಿಯಾ ಸ್ವತಃ ಬಂದು ಸತ್ಯಾಗ್ರಹದಲ್ಲಿ ಪಾಲ್ಗೊಂಡು ಬಂಧಿತರಾದರು. ಸ್ವತಂತ್ರ ಭಾರತದ ಸರ್ಕಾರವೊಂದು ನಿರಾಯುಧ ರೈತನನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆಯು ಅವರಿಗೆ ಗ್ರಂಥಗಳಿಂದ ಮಾತ್ರ ಬಂದುದಲ್ಲ. ಇಂತಹ ಊರುಗಳ ಗದ್ದೆಯಂಚುಗಳಿಂದಲೂ ಬಂದುದೆಂಬುದನ್ನು ನಾವು ನೆನಪಿನಲ್ಲಿಡಬೇಕು.

ವಿಲೀನ

ಇತ್ತ ಕಾಂಗ್ರೆಸ್ಸಿನೊಳಗೂ ಅಸಮಾಧಾನ ಬೆಳೆಯುತ್ತಿತ್ತು. 1950ರ ಅಧ್ಯಕ್ಷ ಚುನಾವಣೆಯಲ್ಲಿ ಪುರುಷೋತ್ತಮದಾಸ ಟಂಡನ್ನರೆದುರು ಸೋತ ಆಚಾರ್ಯ ಜೆ. ಬಿ. ಕೃಪಲಾನಿಯವರು 1951ರಲ್ಲಿ ಹೊರಬಂದು ಕಿಸಾನ್ ಮಜ್ದೂರ್ ಪ್ರಜಾ ಪಕ್ಷವನ್ನು ಕಟ್ಟಿದರು. ಗಾಂಧೀ ಮಾರ್ಗದಲ್ಲಿ ಹಣ್ಣಾದ ಹಿರಿಯರು ಅದರಲ್ಲಿದ್ದರು. ಸಮಾಜವಾದಿಗಳ ಪರಿಭಾಷೆಯಾದ ವರ್ಗ, ಉತ್ಪಾದನೆ, ಕ್ರಾಂತಿ ಮೊದಲಾದುವು ಅವರ ನಾಲಿಗೆಗೆ ಅಷ್ಟಾಗಿ ಒಗ್ಗಿದವಲ್ಲ.

ಮೊದಲನೆಯ ಮಹಾಚುನಾವಣೆಯ ಫಲಿತಾಂಶ ಇಬ್ಬರನ್ನೂ ಕಂಗೆಡಿಸಿತು. ಸಮಾಜವಾದಿ ಪಕ್ಷಕ್ಕೆ ಸುಮಾರು ಶೇಕಡ 10.6ರಷ್ಟು ಮತಗಳು ಬಂದರೂ ಲೋಕಸಭೆಯಲ್ಲಿ ದೊರೆತ ಸ್ಥಾನಗಳು 12 ಮಾತ್ರ. ಕೃಪಲಾನಿಯವರ ಪಕ್ಷಕ್ಕೆ ಶೇಕಡ 5.8ರಷ್ಟು ಮತಗಳು, 9 ಸ್ಥಾನಗಳು. ಶೇಕಡ 3.3ರಷ್ಟು ಮತಗಳನ್ನಷ್ಟೇ ಪಡೆದ ಕಮ್ಯುನಿಸ್ಟರಿಗಾದರೋ, ಅವರ ಬಲ ಕೆಲವೇ ಪ್ರದೇಶಗಳಲ್ಲಿ ದಟ್ಟವಾಗಿದ್ದುದರಿಂದ, 16 ಸ್ಥಾನಗಳು ಸಿಕ್ಕಿದ್ದುವು. ಮತ ಚದುರಿದರೆ ಫಲವಿಲ್ಲವೆಂಬ ಈ ಪಾಠವು ವಿಲೀನಕ್ಕೆ ಪ್ರೇರಣೆಯಾಯಿತು. 1952ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಉಭಯ ಪಕ್ಷಗಳು ಸೇರಿ ಪ್ರಜಾ ಸಮಾಜವಾದಿ ಪಕ್ಷವಾದುವು. ಕೃಪಲಾನಿಯವರು ಅಧ್ಯಕ್ಷರಾದರು, ಅಶೋಕ ಮೆಹ್ತಾ ಪ್ರಧಾನ ಕಾರ್ಯದರ್ಶಿಗಳಾದರು.

ಇದಕ್ಕೆ ನಾಲ್ಕು ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಪಚ್‌ಮಢಿಯಲ್ಲಿ ನಡೆದ ಸಮಾಜವಾದಿಗಳ ಅಧಿವೇಶನದ ಅಧ್ಯಕ್ಷಪೀಠದಿಂದ ಲೋಹಿಯಾ ತಮ್ಮ ಸಿದ್ಧಾಂತವನ್ನು ವಿಸ್ತಾರವಾಗಿ ಮಂಡಿಸಿದ್ದರು. ಬಂಡವಾಳಶಾಹಿ ಮತ್ತು ಕಮ್ಯುನಿಸಂ ಎರಡೂ ಯುರೋಪಿನ ಯಂತ್ರನಾಗರಿಕತೆಯ ಶಿಶುಗಳು. ಬಡ ದೇಶಗಳಿಗೆ ಎರಡೂ ಸಮಾನವಾಗಿ ಅಪ್ರಸ್ತುತ. ಸಮಾಜವಾದಕ್ಕೆ ತನ್ನದೇ ಆದ ತತ್ತ್ವಭಿತ್ತಿ ಬೇಕು. ಇದು ಅವರ ಪ್ರತಿಪಾದನೆಯ ಸಾರ. ಸಣ್ಣ ಘಟಕದ ಯಂತ್ರ, ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರಗಳೆಂಬ ನಾಲ್ಕು ಕಂಬಗಳ ಮೇಲೆ ನಿಂತ ರಾಜ್ಯ ಮೊದಲಾದ ಕಲ್ಪನೆಗಳು ಈ ಭಿತ್ತಿಯ ಮೇಲೆ ಬೆಳೆದುವು. ಅವರ ಕಾರ್ಯವಿಧಾನಕ್ಕೆ ಮೂರು ಸಂಕೇತಗಳಿದ್ದುವು: ಹಾರೆ, ಮತ ಮತ್ತು ಸೆರೆಮನೆ. ಹಾರೆಯು ರಚನಾತ್ಮಕ ಕಾರ್ಯವನ್ನೂ, ಮತವು ಪ್ರಜಾತಂತ್ರವನ್ನೂ, ಸೆರೆಮನೆಯು ಅನ್ಯಾಯಕ್ಕೆದುರಾದ ಶಾಂತಿಯುತ ಅವಿಧೇಯತೆಯನ್ನೂ ಸೂಚಿಸುತ್ತವೆ. ಮುಂದಿನ ವಿವಾದದ ಬೀಜವು ಈ ಮೂರನೆಯ ಸಂಕೇತದಲ್ಲಿದೆ.

ಐಕ್ಯದೊಳಗಿನ ಭೇದ

ಭಿನ್ನಾಭಿಪ್ರಾಯವು ಹೊಸದಾಗಿ ಸೇರಿದವರಿಂದ ಹುಟ್ಟಿತೆಂದು ಭಾವಿಸುವುದು ಸಹಜ, ವಸ್ತುಸ್ಥಿತಿ ಹಾಗಿಲ್ಲ. ಲೋಹಿಯಾ ಅವರಿಗೆ ತಾತ್ತ್ವಿಕವಾಗಿ ಎದುರು ನಿಂತವರು ಅವರ ಹಳೆಯ ಸಂಗಡಿಗರಾದ ಅಶೋಕ ಮೆಹ್ತಾ ಅವರೇ. 1953ರಲ್ಲಿ ಪ್ರಧಾನಮಂತ್ರಿ ನೆಹರೂ ಅವರು ಜಯಪ್ರಕಾಶರೊಡನೆ ಸಹಕಾರದ ಮಾತುಕತೆ ನಡೆಸಿದರು. ಜಯಪ್ರಕಾಶರು 14 ಅಂಶಗಳ ಕಾರ್ಯಕ್ರಮವನ್ನು ಮುಂದಿಟ್ಟರು, ಮಾತುಕತೆ ಫಲಿಸಲಿಲ್ಲ. ಅದೇ ವರ್ಷದ ಜೂನಿನಲ್ಲಿ ಬೈತೂಲಿನಲ್ಲಿ ಸೇರಿದ ವಿಶೇಷಾಧಿವೇಶನದಲ್ಲಿ ಅಶೋಕ ಮೆಹ್ತಾ ಅವರು, ಹಿಂದುಳಿದ ಅರ್ಥವ್ಯವಸ್ಥೆಗೆ ತನ್ನದೇ ಆದ ರಾಜಕೀಯ ಅನಿವಾರ್ಯತೆಗಳಿರುವುದರಿಂದ ಸಮಾಜವಾದಿಗಳು ಆಳುವ ಪಕ್ಷದೊಡನೆ ಸಹಮತದ ಕ್ಷೇತ್ರಗಳನ್ನು ಅರಸಬೇಕೆಂದು ವಾದಿಸಿದರು. ಕಾಂಗ್ರೆಸ್ಸಿನಿಂದಲೂ ಕಮ್ಯುನಿಸ್ಟರಿಂದಲೂ ಸಮಾನ ದೂರದಲ್ಲಿರುವುದೇ ಪಕ್ಷದ ಧರ್ಮವೆಂದು ಲೋಹಿಯಾ ಪ್ರತಿವಾದ ಹೂಡಿದರು. ಎರಡೂ ವಾದಗಳಿಗೆ ಬೆಂಬಲಿಗರಿದ್ದರು. ಹೀಗಿದ್ದೂ ಆ ವರ್ಷಾಂತ್ಯದ ಅಲಹಾಬಾದ್ ಅಧಿವೇಶನದ ತರುವಾಯ ಲೋಹಿಯಾ ಅವರೇ ಪ್ರಧಾನ ಕಾರ್ಯದರ್ಶಿಗಳಾದರು.

ವಿಲೀನವು ಹಳೆಯ ಮನೆಯ ಬಿರುಕಿಗೆ ಹೊಸ ಗಾರೆ ಬಳಿದಂತಾಯಿತೇ ಹೊರತು ಬಿರುಕನ್ನು ಮುಚ್ಚಲಿಲ್ಲ. ಇದೇ ಪಕ್ಷದಲ್ಲಿದ್ದ ಆಂಧ್ರದ ಹಿರಿಯ ನಾಯಕ ಟಿ. ಪ್ರಕಾಶಂ ಅವರು 1953ರಲ್ಲಿ ಪಕ್ಷವನ್ನು ಬಿಟ್ಟು ಕಾಂಗ್ರೆಸ್ಸಿನ ಬೆಂಬಲದಿಂದ ಹೊಸ ಆಂಧ್ರ ರಾಜ್ಯದ ಮುಖ್ಯಮಂತ್ರಿಗಳಾದುದನ್ನೂ ಇಲ್ಲಿ ಸ್ಮರಿಸಬಹುದು. ಪಕ್ಷತ್ಯಾಗಗಳೆಲ್ಲ ಒಂದೇ ಬಗೆಯವಲ್ಲ.

ತಿರುವಾಂಕೂರಿನ ಗೋಲೀಬಾರು

1954ರ ಆರಂಭದಲ್ಲಿ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ ಚುನಾವಣೆ ನಡೆಯಿತು. ಪ್ರಜಾ ಸಮಾಜವಾದಿ ಪಕ್ಷವು ಎಡಪಕ್ಷಗಳೊಡನೆ ಹೊಂದಾಣಿಕೆ ಮಾಡಿಕೊಂಡು ಕಾಂಗ್ರೆಸ್ಸಿನ ವಿರುದ್ಧ ಸ್ಪರ್ಧಿಸಿ 19 ಸ್ಥಾನಗಳನ್ನು ಗಳಿಸಿತು. ಯಾರಿಗೂ ಬಹುಮತವಿಲ್ಲದಿದ್ದ ಆ ಸನ್ನಿವೇಶದಲ್ಲಿ, ಚುನಾವಣೆಯಲ್ಲಿ ಎದುರಾಳಿಯಾಗಿದ್ದ ಕಾಂಗ್ರೆಸ್ಸಿನ ಬೆಂಬಲದಿಂದಲೇ ಪಕ್ಷದ ನಾಯಕ ಪಟ್ಟಂ ಥಾಣು ಪಿಳ್ಳೆ ಮಾರ್ಚ್ ತಿಂಗಳಲ್ಲಿ ಮಂತ್ರಿಮಂಡಲ ರಚಿಸಿದರು. ಅಲ್ಪಸಂಖ್ಯೆಯ ಸದಸ್ಯರ ಈ ಸರ್ಕಾರವು ಸಮಾಜವಾದಿಗಳ ಪಾಲಿಗೆ ಆಡಳಿತದ ಮೊದಲ ಪರೀಕ್ಷೆಗಳಲ್ಲೊಂದಾಗಿತ್ತು.

ಆ ರಾಜ್ಯದ ದಕ್ಷಿಣ ತುದಿಯಲ್ಲಿದ್ದ ತೋವಾಳ, ಅಗಸ್ತೀಶ್ವರಂ, ಕಲ್ಕುಳಂ, ವಿಳವಂಕೋಡು ತಾಲ್ಲೂಕುಗಳಲ್ಲಿ ತಮಿಳು ಭಾಷಿಕರು ಬಹುಸಂಖ್ಯಾತರು. ತಮ್ಮ ಪ್ರದೇಶವನ್ನು ಮದರಾಸು ರಾಜ್ಯಕ್ಕೆ ಸೇರಿಸಬೇಕೆಂದು ತಿರುವಾಂಕೂರು ತಮಿಳುನಾಡು ಕಾಂಗ್ರೆಸ್ ಎಂಬ ಸಂಸ್ಥೆಯ ನೇತೃತ್ವದಲ್ಲಿ ಅವರು ಚಳವಳಿ ನಡೆಸುತ್ತಿದ್ದರು. 1954ರ ಆಗಸ್ಟ್ 11ರಂದು ಮಾರ್ತಾಂಡಂ ಪರಿಸರದಲ್ಲಿ ಚಳವಳಿಗಾರರ ಮೇಲೆ ಪೊಲೀಸರು ಗೋಲೀಬಾರು ಮಾಡಿದರು. ಹಲವರು ಪ್ರಾಣ ಕಳೆದುಕೊಂಡರು.

ಆಗ ಲೋಹಿಯಾ ಎಲ್ಲಿದ್ದರೆಂಬುದು ಗಮನಾರ್ಹ. ಉತ್ತರ ಪ್ರದೇಶದ ಕಾಂಗ್ರೆಸ್ ಸರ್ಕಾರವು ಕಾಲುವೆ ನೀರಿನ ದರವನ್ನು ಏರಿಸಿದ್ದಿತು. ಹೆಚ್ಚಿಸಿದ ದರವನ್ನು ಕೊಡಬೇಡಿರೆಂದು ಫರೂಕಾಬಾದ್ ಜಿಲ್ಲೆಯ ರೈತರಿಗೆ ಭಾಷಣದಲ್ಲಿ ಹೇಳಿದ ಕಾರಣಕ್ಕಾಗಿ, ಬ್ರಿಟಿಷರ ಕಾಲದ 1932ರ ವಿಶೇಷಾಧಿಕಾರ ಕಾಯಿದೆಯನ್ವಯ ಅವರನ್ನು ಜುಲೈ ತಿಂಗಳಲ್ಲಿ ಬಂಧಿಸಲಾಗಿತ್ತು. ಆ ಕಾಯಿದೆಯ ಸಂಬಂಧಪಟ್ಟ ವಿಧಿಯು ಸಂವಿಧಾನಕ್ಕೆ ವಿರುದ್ಧವೆಂದು ಅಲಹಾಬಾದ್ ಉಚ್ಚ ನ್ಯಾಯಾಲಯವು ಅದೇ ವರ್ಷ ತೀರ್ಮಾನಿಸಿತು. 1960ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಗೋಲೀಬಾರಿನ ವಾರ್ತೆ ಅವರನ್ನು ಮುಟ್ಟಿದ್ದು ಸೆರೆಮನೆಯಲ್ಲಿ. ತಮ್ಮದೇ ಪಕ್ಷದ ಮಂತ್ರಿಮಂಡಲವು ರಾಜೀನಾಮೆ ನೀಡಬೇಕು, ನ್ಯಾಯಾಂಗ ವಿಚಾರಣೆ ನಡೆಯಬೇಕು ಎಂದು ಅಲ್ಲಿಂದಲೇ ತಂತಿ ಕಳುಹಿಸಿದರು. ರೈತರನ್ನು ಅವಿಧೇಯತೆಗೆ ಕರೆದು ತಾವು ಸೆರೆಯಲ್ಲಿದ್ದಾಗ, ತಮ್ಮ ಪಕ್ಷದ ಸರ್ಕಾರವು ಬೇರೊಂದು ಕಡೆ ಚಳವಳಿಗಾರರ ಮೇಲೆ ಗುಂಡು ಹಾರಿಸಿತೆಂಬ ಈ ವಿಪರ್ಯಾಸದಲ್ಲಿಯೇ ಅವರ ನಿಲುವಿನ ತೀಕ್ಷ್ಣತೆಗೆ ಕಾರಣವಿದೆ.

ಎರಡು ವಾದಗಳು

ಲೋಹಿಯಾ ಅವರ ವಾದವನ್ನು ಸಂಗ್ರಹವಾಗಿ ಹೀಗೆ ನಿರೂಪಿಸಬಹುದು. ಪರಕೀಯ ಆಡಳಿತವು ಪ್ರಜೆಗಳ ಮೇಲೆ ಗುಂಡು ಹಾರಿಸುತ್ತಿತ್ತು. ಸ್ವತಂತ್ರ ರಾಷ್ಟ್ರದ ಸರ್ಕಾರ ಅದನ್ನೇ ಮುಂದುವರಿಸುವುದಾದರೆ ಸ್ವಾತಂತ್ರ್ಯದಿಂದ ಪ್ರಜೆಗೆ ಬಂದ ಲಾಭವೇನು? ಕಾಂಗ್ರೆಸ್ ಸರ್ಕಾರಗಳು ಗೋಲೀಬಾರು ನಡೆಸಿದಾಗಲೆಲ್ಲ ಸಮಾಜವಾದಿಗಳು ವಿಚಾರಣೆಯನ್ನೂ ರಾಜೀನಾಮೆಯನ್ನೂ ಕೇಳುತ್ತ ಬಂದವರು. ಅನ್ಯರಿಗೆ ವಿಧಿಸಿದ ಕಟ್ಟಳೆ ತಮಗೆ ಅನ್ವಯಿಸದೆಂದರೆ ಅದು ಕಟ್ಟಳೆಯಲ್ಲ, ಪ್ರಚಾರ ಮಾತ್ರ. ಒಂದು ಪಕ್ಷವಾದರೂ ತಾನಾಗಿ ಅಧಿಕಾರ ಬಿಟ್ಟುಕೊಟ್ಟರೆ ದೇಶದ ರಾಜಕೀಯಕ್ಕೆ ಹೊಸ ಮಾನದಂಡ ದೊರೆಯುತ್ತದೆ.

ಈ ವಾದವನ್ನು ಅವರ ಸೆರೆಮನೆಯ ಸಂಕೇತದೊಡನೆ ಕೂಡಿಸಿ ನೋಡಿದರೆ ಇನ್ನೂ ವಿಶದವಾಗುತ್ತದೆ. ಸತ್ಯಾಗ್ರಹಿಯು ಕಾನೂನನ್ನು ಮುರಿದು ಅದರ ದಂಡನೆಯನ್ನು ತಾನಾಗಿ ಸ್ವೀಕರಿಸುತ್ತಾನೆ. ಅಂಥವನನ್ನು ಬಂಧಿಸುವ ಅಧಿಕಾರ ರಾಜ್ಯಕ್ಕೆ ಉಂಟು; ಕೊಲ್ಲುವ ಅಧಿಕಾರ ಇಲ್ಲ. ಪ್ರಜೆಯ ಕಡೆಯಿಂದ ಅಹಿಂಸೆಯೂ ರಾಜ್ಯದ ಕಡೆಯಿಂದ ಸಂಯಮವೂ ಒಂದೇ ಒಪ್ಪಂದದ ಎರಡು ಭಾಗಗಳು. ಎರಡನೆಯ ಭಾಗ ಮುರಿದರೆ ಮೊದಲನೆಯದನ್ನು ಪ್ರಜೆಗೆ ಬೋಧಿಸುವ ನೈತಿಕ ಬಲ ಯಾರಿಗೂ ಉಳಿಯುವುದಿಲ್ಲ.

ಪ್ರತಿಪಕ್ಷದ ವಾದವನ್ನೂ ಅಷ್ಟೇ ಗೌರವದಿಂದ ಆಲಿಸಬೇಕು. ಶಾಂತಿಪಾಲನೆ ಪ್ರತಿಯೊಂದು ಸರ್ಕಾರದ ಕರ್ತವ್ಯ. ಗಲಭೆಯ ನಡುವೆ ಸಿಲುಕಿದ ಸ್ಥಳೀಯ ಅಧಿಕಾರಿಯ ನಿರ್ಧಾರಕ್ಕಾಗಿ ಮಂತ್ರಿಮಂಡಲವೇ ಉರುಳಬೇಕೆಂದರೆ ಯಾವ ಪಕ್ಷವೂ ಆಡಳಿತ ನಡೆಸಲಾರದು. ವಿಚಾರಣೆ ನಡೆಯುವ ಮೊದಲೇ ರಾಜೀನಾಮೆ ಕೇಳುವುದು ತೀರ್ಪು ಕೊಟ್ಟು ಅನಂತರ ಸಾಕ್ಷ್ಯ ಕೇಳಿದಂತೆ. ಅಲ್ಲದೆ ಪಕ್ಷವೆಂಬುದು ಸಾಮೂಹಿಕ ನಿರ್ಣಯದ ಸಂಸ್ಥೆ. ಪ್ರಧಾನ ಕಾರ್ಯದರ್ಶಿಯೊಬ್ಬರು ಕಾರ್ಯಸಮಿತಿಯನ್ನು ಸಮಾಲೋಚಿಸದೆ ತಮ್ಮ ಮುಖ್ಯಮಂತ್ರಿಗೆ ಆದೇಶ ಕಳುಹಿಸುವುದು ಯಾವ ಪ್ರಜಾತಂತ್ರ? ಈ ಪ್ರಶ್ನೆಗಳು ಪೊಳ್ಳಲ್ಲ. ಅವನ್ನು ಎತ್ತಿದವರೂ ಅಧಿಕಾರಲೋಲುಪರಾಗಿರಲಿಲ್ಲ.

ರಾಷ್ಟ್ರೀಯ ಕಾರ್ಯಸಮಿತಿಯು ಮಂತ್ರಿಮಂಡಲದ ರಾಜೀನಾಮೆಗೆ ಒಪ್ಪಲಿಲ್ಲ. ಲೋಹಿಯಾ ತಮ್ಮ ಕಾರ್ಯದರ್ಶಿ ಸ್ಥಾನವನ್ನು ತ್ಯಜಿಸಿದರು. 1954ರ ನವೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ವಿಶೇಷಾಧಿವೇಶನದಲ್ಲಿ ಬಹುಮತವು ಕಾರ್ಯಸಮಿತಿಯ ಪರವಾಗಿ ಬಂದಿತು. ಆದರೆ ಲೋಹಿಯಾ ಅವರ ಪಕ್ಷ ವಹಿಸಿದವರ ಸಂಖ್ಯೆ ಉಪೇಕ್ಷಿಸುವಂತಹುದಾಗಿರಲಿಲ್ಲ. ಕೃಪಲಾನಿಯವರು ಅಧ್ಯಕ್ಷತೆಯಿಂದ ನಿವೃತ್ತರಾಗಲು, ಸರ್ವರಿಗೂ ಪೂಜ್ಯರಾದ ಆಚಾರ್ಯ ನರೇಂದ್ರ ದೇವರು ಆ ಭಾರವನ್ನು ಹೊತ್ತರು. ವಿವಾದಕ್ಕೆ ಮೂಲವಾದ ಮಂತ್ರಿಮಂಡಲವಾದರೋ 1955ರ ಫೆಬ್ರವರಿಯಲ್ಲಿ ವಿಧಾನಸಭೆಯ ಬೆಂಬಲ ಕಳೆದುಕೊಂಡು ಪತನವಾಯಿತು. ಯಾವುದನ್ನು ಉಳಿಸಿಕೊಳ್ಳಲೆಂದು ಪಕ್ಷವು ಸೀಳಲು ಸಿದ್ಧವಾಯಿತೋ ಆ ಸರ್ಕಾರ ಒಂದು ವರ್ಷವನ್ನೂ ಪೂರೈಸಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ನಾಲ್ಕು ತಾಲ್ಲೂಕುಗಳೇ ಕನ್ಯಾಕುಮಾರಿ ಜಿಲ್ಲೆಯಾಗಿ ಮದರಾಸು ರಾಜ್ಯಕ್ಕೆ ಸೇರಿದುವು. ಗುಂಡಿಗೆ ಬಲಿಯಾದವರು ಕೇಳಿದ್ದನ್ನು ಎರಡೇ ವರ್ಷಗಳಲ್ಲಿ ಕಾಯಿದೆಯೇ ಕೊಟ್ಟಿತು.

ಅಗಲಿಕೆ

1955ರ ಜನವರಿಯಲ್ಲಿ ಆವಡಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಸಮಾಜವಾದಿ ಮಾದರಿಯ ಸಮಾಜವೇ ತನ್ನ ಗುರಿಯೆಂದು ನಿರ್ಣಯಿಸಿತು. ಹಳೆಯ ಬಿರುಕು ಮತ್ತೆ ಬಾಯ್ದೆರೆಯಿತು. ಈ ನಿರ್ಣಯವನ್ನು ಅಶೋಕ ಮೆಹ್ತಾ ಅವರು ಅನುಕೂಲದೃಷ್ಟಿಯಿಂದ ನೋಡಿದರು. ತರುಣ ನಾಯಕ ಮಧು ಲಿಮಯೆ ಅವರನ್ನು ಬಹಿರಂಗವಾಗಿ ಖಂಡಿಸಿದರು. ಮುಂಬಯಿ ಶಾಖೆಯು ಲಿಮಯೆ ಅವರನ್ನು ಅಮಾನತುಗೊಳಿಸಿತು. ಉತ್ತರ ಪ್ರದೇಶದ ಶಾಖೆ ಅವರನ್ನೇ ಗಾಜಿಪುರದ ತನ್ನ ಸಮ್ಮೇಳನಕ್ಕೆ ಆಹ್ವಾನಿಸಿತು. ಆ ಶಾಖೆಯ ಮೇಲೂ ಶಿಸ್ತುಕ್ರಮ ಜರುಗಿತು. ಅವರೆಲ್ಲರ ಬೆನ್ನಿಗೆ ನಿಂತ ಲೋಹಿಯಾ ಅದೇ ವರ್ಷ ಅಮಾನತುಗೊಂಡರು.

ಲೋಹಿಯಾ ಪಕ್ಷವನ್ನು ಬಿಟ್ಟರೇ, ಪಕ್ಷವೇ ಅವರನ್ನು ಬಿಟ್ಟಿತೇ ಎಂಬ ಚರ್ಚೆ ಇಲ್ಲಿಂದ ಹುಟ್ಟಿದೆ. ವಿಧಿಯ ದೃಷ್ಟಿಯಿಂದ ಪಕ್ಷವು ಅವರನ್ನು ದೂರ ಮಾಡಿತೆನ್ನಬೇಕು. ಆದರೆ ಆ ಶಿಸ್ತುಕ್ರಮಕ್ಕೆ ಪರಿಹಾರವಿಲ್ಲದಿರಲಿಲ್ಲ. ತಮ್ಮ ಮಾತನ್ನು ಹಿಂದಕ್ಕೆ ಪಡೆದು, ಕಾಲ ಕಾಯ್ದು, ಮುಂದಿನ ಅಧಿವೇಶನದಲ್ಲಿ ಬಹುಮತ ಗಳಿಸುವ ಹಾದಿ ತೆರೆದೇ ಇತ್ತು. ಅದನ್ನು ಅವರು ಹಿಡಿಯಲಿಲ್ಲ. 1955ರ ಡಿಸೆಂಬರ್ ಅಂತ್ಯದಲ್ಲಿ ಹೈದರಾಬಾದಿನಲ್ಲಿ ಸಂಗಡಿಗರೊಡನೆ ಸೇರಿ ಸಮಾಜವಾದಿ ಪಕ್ಷವನ್ನು ಮತ್ತೆ ಸ್ಥಾಪಿಸಿದರು. ಅದೇ ತಿಂಗಳಲ್ಲಿ ಗಯೆಯಲ್ಲಿ ಸೇರಿದ ಮಾತೃಪಕ್ಷದ ಅಧಿವೇಶನವು ನರೇಂದ್ರ ದೇವರ ಮಾರ್ಗದರ್ಶನದಲ್ಲಿ ತನ್ನ ನೀತಿಯನ್ನು ನಿರೂಪಿಸಿಕೊಂಡಿತು. 1956ರ ಫೆಬ್ರವರಿ 19ರಂದು ನರೇಂದ್ರ ದೇವರು ತೀರಿಕೊಂಡರು. ಎರಡು ದಡಗಳಿಗೂ ಸೇತುವೆಯಾಗಬಲ್ಲವರು ಬಳಿಕ ಉಳಿಯಲಿಲ್ಲ.

ಉತ್ತರಕಥೆ

ಲಾಭನಷ್ಟಗಳ ಲೆಕ್ಕದಲ್ಲಿ ಲೋಹಿಯಾ ಅವರ ಹೆಜ್ಜೆ ಸೋಲೆಂದೇ ಕಾಣುತ್ತದೆ. ಅವರ ಪಕ್ಷ ಬಹುಕಾಲ ಚಿಕ್ಕದಾಗಿಯೇ ಉಳಿಯಿತು. 1962ರಲ್ಲಿ ಫೂಲ್‌ಪುರದಲ್ಲಿ ನೆಹರೂ ಅವರೆದುರು ನಿಂತು ಸೋತರು. 1963ರ ಉಪಚುನಾವಣೆಯಲ್ಲಿ ಫರೂಕಾಬಾದಿನಿಂದ ಲೋಕಸಭೆಯನ್ನು ಪ್ರವೇಶಿಸಿದರು. ನೀರಿನ ದರಕ್ಕಾಗಿ ಯಾವ ಜಿಲ್ಲೆಯಲ್ಲಿ ಸೆರೆಯಾಗಿದ್ದರೋ ಆ ಜಿಲ್ಲೆಯ ಹೆಸರಿನ ಕ್ಷೇತ್ರವೇ ಅವರನ್ನು ಸಂಸತ್ತಿಗೆ ಕಳುಹಿಸಿತು. ಅಶೋಕ ಮೆಹ್ತಾ ಅವರು ಯೋಜನಾ ಆಯೋಗದ ಉಪಾಧ್ಯಕ್ಷತೆಯನ್ನು ಸ್ವೀಕರಿಸಿ, 1964ರಲ್ಲಿ ಕಾಂಗ್ರೆಸ್ಸನ್ನು ಸೇರಿದರು. ಪಟ್ಟಂ ಥಾಣು ಪಿಳ್ಳೆಯವರು 1962ರಲ್ಲಿ ಪಂಜಾಬಿನ ರಾಜ್ಯಪಾಲರಾದರು. ಜಯಪ್ರಕಾಶರು 1954ರಲ್ಲಿಯೇ ಭೂದಾನಕ್ಕೆ ಜೀವನದಾನ ಮಾಡಿದ್ದರು.

ವಿಲೀನಗಳ ಸರಣಿ ಅಲ್ಲಿಗೆ ನಿಲ್ಲಲಿಲ್ಲ. 1964ರಲ್ಲಿ ಪ್ರಜಾ ಸಮಾಜವಾದಿಗಳೂ ಲೋಹಿಯಾ ಅವರ ಪಕ್ಷವೂ ಕೂಡಿ ಸಂಯುಕ್ತ ಸಮಾಜವಾದಿ ಪಕ್ಷವಾದುವು. 1965ರಲ್ಲಿ ಒಂದು ಗುಂಪು ಮತ್ತೆ ಬೇರೆಯಾಗಿ ಹಳೆಯ ಹೆಸರನ್ನು ಧರಿಸಿತು. 1967ರ ಚುನಾವಣೆಯಲ್ಲಿ ಸಂಯುಕ್ತ ಪಕ್ಷಕ್ಕೆ 23, ಪ್ರಜಾ ಪಕ್ಷಕ್ಕೆ 13 ಲೋಕಸಭಾ ಸ್ಥಾನಗಳು ದೊರೆತುವು. ಆ ವರ್ಷದ ಅಕ್ಟೋಬರ್ 12ರಂದು ಲೋಹಿಯಾ ನಿಧನರಾದರು. 1971ರಲ್ಲಿ ಮತ್ತೆ ಐಕ್ಯ, 1977ರಲ್ಲಿ ಜನತಾ ಪಕ್ಷದಲ್ಲಿ ವಿಲೀನ, 1979ರಲ್ಲಿ ಉಭಯ ಸದಸ್ಯತ್ವದ ಪ್ರಶ್ನೆಯ ಮೇಲೆ ಮತ್ತೆ ಭಂಗ. ವಿಲೀನದ ದಿನ ಕೇಳದೆ ಬಿಟ್ಟ ಪ್ರಶ್ನೆ ಪ್ರತಿ ಸಲವೂ ಅಧಿಕಾರದ ದಿನ ಎದ್ದು ನಿಂತಿತು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪ್ರಸಂಗ ಪರೋಕ್ಷವಾಗಿಯಾದರೂ ಪರಿಚಿತವೇ. ಪೂರ್ಣಚಂದ್ರ ತೇಜಸ್ವಿಯವರು 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ತಮ್ಮ ಮೇಲಾದ ಪ್ರಭಾವಗಳನ್ನು ಹೇಳುವಾಗ ಕುವೆಂಪು ಮತ್ತು ಕಾರಂತರೊಡನೆ ಲೋಹಿಯಾ ಅವರ ತತ್ತ್ವಚಿಂತನೆಯನ್ನು ಸ್ಮರಿಸಿದ್ದಾರೆ. ಯು. ಆರ್. ಅನಂತಮೂರ್ತಿಯವರ 1978ರ ಕಾದಂಬರಿ 'ಅವಸ್ಥೆ'ಯ ನಾಯಕನ ಹಿಂದೆ ಗೋಪಾಲಗೌಡರ ಜೀವನದ ಛಾಯೆಯಿರುವುದು ಪ್ರಸಿದ್ಧ. ಅಧಿಕಾರದ ಸಮೀಪಕ್ಕೆ ಬಂದ ಹೋರಾಟಗಾರನ ಅಂತರಂಗದ ತುಮುಲವೇ ಆ ಕೃತಿಯ ವಸ್ತು. ಅಂತಹ ತುಮುಲದ ಒಂದು ಐತಿಹಾಸಿಕ ರೂಪವನ್ನು ನಾವು ತಿರುವಾಂಕೂರು ಪ್ರಸಂಗದಲ್ಲಿ ಕಾಣುತ್ತೇವೆ.

ವಿವೇಚನೆ

ಈಗ ಮೂಲಪ್ರಶ್ನೆಗೆ ಬರಬಹುದು. ಲೋಹಿಯಾ ಅವರು ಹಿಡಿದ ತತ್ತ್ವವನ್ನೂ, ಅದಕ್ಕಾಗಿ ಅನುಸರಿಸಿದ ವಿಧಾನವನ್ನೂ ಬೇರ್ಪಡಿಸಿ ನೋಡುವುದು ನ್ಯಾಯ. ವಿಧಾನದಲ್ಲಿ ಆಕ್ಷೇಪಕ್ಕೆ ಎಡೆಯಿದೆ. ಸಂಗಡಿಗರ ಮನವನ್ನು ಒಲಿಸಿಕೊಳ್ಳುವ ತಾಳ್ಮೆ ಅವರಲ್ಲಿ ಕಡಿಮೆ. ಮಾತಿನ ಮೊನೆ ಹೆಚ್ಚು. ನರೇಂದ್ರ ದೇವರಂತಹ ಹಿರಿಯರ ಕೈಯಲ್ಲಿ ಪಕ್ಷವಿದ್ದಾಗ ಇನ್ನೂ ಕೆಲವು ಕಾಲ ಒಳಗಿದ್ದು ವಾದಿಸಬಹುದಾಗಿತ್ತೆಂಬ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಪಕ್ಷ ಒಡೆದುದರಿಂದ ದೇಶದ ಒಂದು ಸಮರ್ಥ ವಿರೋಧಪಕ್ಷ ದುರ್ಬಲವಾಯಿತೆಂಬುದೂ ಸತ್ಯ.

ಆದರೆ ತತ್ತ್ವದ ವಿಷಯದಲ್ಲಿ ಅವರ ಪ್ರಶ್ನೆಗೆ ಇಂದಿಗೂ ಉತ್ತರ ದೊರೆತಿಲ್ಲ. ಎದುರಾಳಿಯಿಂದ ಬಯಸುವ ನಡತೆಯನ್ನು ತನ್ನವನಿಂದಲೂ ಬಯಸುವೆಯಾ ಎಂಬುದೇ ಆ ಪ್ರಶ್ನೆ. ಅವರು ಕಾಂಗ್ರೆಸ್ಸನ್ನು ಟೀಕಿಸಿ ಪಕ್ಷ ಬಿಟ್ಟವರಲ್ಲ. ಅಧಿಕಾರ ಸಿಗಲಿಲ್ಲವೆಂದು ಬಿಟ್ಟವರೂ ಅಲ್ಲ. ತಮ್ಮವರ ಕೈಯಲ್ಲಿದ್ದ ಅಧಿಕಾರವನ್ನೇ ಬಿಟ್ಟುಕೊಡಿರೆಂದು ಕೇಳಿ, ಆ ಕೋರಿಕೆ ಸಲ್ಲದಾದಾಗ ದೂರವಾದವರು. ನಮ್ಮಲ್ಲಿ ನುಡಿಗೆ ನಡೆಯೇ ಒರೆಗಲ್ಲೆಂಬ ಮಾತು ಹಳೆಯದು. ಆ ಒರೆಗಲ್ಲಿಗೆ ಪರರ ಚಿನ್ನವನ್ನು ಉಜ್ಜುವವರು ಬಹಳ, ತಮ್ಮದನ್ನು ಉಜ್ಜುವವರು ವಿರಳ.

ವಿಲೀನವು ತನ್ನಷ್ಟಕ್ಕೆ ದೋಷವಲ್ಲ. 1964ರಲ್ಲಿ ಹಳೆಯ ಪಕ್ಷದೊಡನೆ ಪುನಃ ಕೂಡಿದುದೇ ಅವರು ಐಕ್ಯಕ್ಕೆ ವಿಮುಖರಲ್ಲವೆಂಬುದಕ್ಕೆ ಸಾಕ್ಷಿ. ಸಂಖ್ಯೆಗಾಗಿ ಕೂಡುವವರು ನಡತೆಯ ಕಟ್ಟಳೆಯೊಂದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ನಮ್ಮ ಸರ್ಕಾರ ತಪ್ಪಿದರೆ ನಾವೇನು ಮಾಡಬೇಕು ಎಂಬುದಕ್ಕೆ ಕೂಡುವ ಮೊದಲೇ ಒಪ್ಪಿತವಾದ ಉತ್ತರವಿರಬೇಕು. 1952ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಸಜ್ಜನರು ಅದೊಂದನ್ನು ನಿಶ್ಚಯಿಸಿಕೊಂಡಿದ್ದರೆ, 1954ರ ಆಗಸ್ಟಿನಲ್ಲಿ ಸೆರೆಮನೆಯಿಂದ ಬಂದ ತಂತಿಯು ಪಕ್ಷವನ್ನು ಒಡೆಯುವ ಬದಲು ಅದರ ವಚನವನ್ನು ಅದಕ್ಕೇ ನೆನಪಿಸುವ ಪತ್ರವಾಗುತ್ತಿತ್ತು.